ಕೈಯಲ್ಲಿ ಬರೆದ ಬೋರ್ಡ್ ಅಕ್ಷರವನ್ನು ಫಾಂಟ್ ಮಾಡುವುದು ಹೇಗೆ, ಬಳಸುವುದು ಎಲ್ಲಿ

ಹುಬ್ಬಳ್ಳಿಯ ದುರ್ಗದಬೈಲಿನಲ್ಲೋ ಧಾರವಾಡದ ಸುಭಾಸ ರಸ್ತೆಯಲ್ಲೋ ಒಮ್ಮೆ ತಲೆ ಎತ್ತಿ ನಡೆದು ನೋಡಿ. ಹೊಸ ಫ್ಲೆಕ್ಸ್‌ಗಳೆಲ್ಲ ಅದೇ ನಾಲ್ಕೈದು ಫಾಂಟ್‌ಗಳಲ್ಲಿ ಇರುತ್ತವೆ. ನಡುವೆ ಎಲ್ಲೋ ಒಂದು ಹಳೆಯ ತಗಡಿನ ಬೋರ್ಡ್ ಉಳಿದಿರುತ್ತದೆ. ಬಣ್ಣ ಮಾಸಿದ್ದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಬ್ರಷ್ ಎಲ್ಲಿ ಇಟ್ಟರು, ಎಲ್ಲಿ ತಿರುಗಿಸಿದರು, ಎಲ್ಲಿ ಎತ್ತಿದರು ಅನ್ನುವುದು ಅಕ್ಷರದಲ್ಲೇ ಕಾಣುತ್ತದೆ.

ಆ ಗುಣವನ್ನು ಫಾಂಟಿಗೆ ತರಬಹುದು. ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ, ತಾಳ್ಮೆ ಬೇಕು. ಮೊದಲೇ ಒಂದು ಮಾತು: ಕನ್ನಡದಲ್ಲಿ ಡಿಸ್‌ಪ್ಲೇ ಅಕ್ಷರ ಗೆಲ್ಲುವುದೂ ಸೋಲುವುದೂ ಸಾಲಿನ ಕೆಳಗೆ, ಒತ್ತಕ್ಷರ ಕೂರುವ ಜಾಗದಲ್ಲಿ. ಅ, ಆ, ಕ, ಗ ಎಲ್ಲವನ್ನೂ ಚೆಂದ ಬರೆದು ಒತ್ತನ್ನು ಕೊನೆಗೆ ನೋಡಿಕೊಳ್ಳೋಣ ಅಂತ ಹೊರಟ ಫಾಂಟ್‌ಗಳು 'ಹುಬ್ಬಳ್ಳಿ' ಅಂತ ಬರೆಯುವಾಗಲೇ ಮುಗ್ಗರಿಸುತ್ತವೆ. ಹಾಗಾಗಿ ಈ ಲೇಖನದಲ್ಲಿ ಒತ್ತಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಯಾವ ಕೆಲಸಕ್ಕೆ ಅಂತ ಮೊದಲು ಗೊತ್ತುಮಾಡಿಕೊಳ್ಳಿ

ಡಿಸ್‌ಪ್ಲೇ ಅಕ್ಷರ ಅಂದರೆ ದೊಡ್ಡದಾಗಿ, ಕಡಿಮೆ ಪದಗಳಲ್ಲಿ ಕಾಣಿಸಿಕೊಳ್ಳುವ ಅಕ್ಷರ. ಅಂಗಡಿಯ ಹೆಸರು, ನಾಟಕದ ಪೋಸ್ಟರ್, ಜಾತ್ರೆಯ ಬ್ಯಾನರ್, ಪುಸ್ತಕದ ಮುಖಪುಟ, ಪೇಡೆ ಬಾಕ್ಸ್, ಬ್ಯಾಡಗಿ ಮೆಣಸಿನಕಾಯಿ ಪುಡಿಯ ಪ್ಯಾಕೆಟ್, ಲಗ್ನಪತ್ರಿಕೆಯಲ್ಲಿ ವಧು-ವರರ ಹೆಸರು. ಇಲ್ಲೆಲ್ಲ ಇದು ಹೊಳೆಯುತ್ತದೆ. ಅದೇ ಲಗ್ನಪತ್ರಿಕೆಯಲ್ಲಿ ಮುಹೂರ್ತದ ಸಮಯ, ಮಂಟಪದ ವಿಳಾಸ, ಫೋನ್ ನಂಬರ್ ಇದರಲ್ಲಿ ಬೇಡ. ಪ್ಯಾಕೆಟ್ ಹಿಂದಿನ ಪದಾರ್ಥಗಳ ಪಟ್ಟಿ, ಹೋಟೆಲ್ ಮೆನುವಿನ ದರ, ಯಾವುದೇ ಪ್ಯಾರಾಗ್ರಾಫ್ ಬೇಡವೇ ಬೇಡ. ನಾಲ್ಕೈದು ಪದ ದಾಟಿದರೆ ಓದುವ ಅಕ್ಷರಕ್ಕೆ ಕೆಲಸ ಬಿಟ್ಟುಕೊಡಿ.

ಕೆಲಸ ಒಂದು ಸಲ ಗೊತ್ತಾದರೆ ದಪ್ಪವೂ ಗೊತ್ತಾಗುತ್ತದೆ. ಬ್ಯಾನರಿಗೆ ದಪ್ಪ ಅಕ್ಷರ ಬೇಕು. ಮುಖಪುಟಕ್ಕೆ ತುಸು ತೆಳ್ಳಗಿದ್ದರೂ ನಡೆಯುತ್ತದೆ. ಎರಡಕ್ಕೂ ಒಂದೇ ಸಾಲದು. ಯಾವುದಾದರೂ ಒಂದನ್ನು ಆರಿಸಿ ಅದಕ್ಕೇ ಬರೆಯಿರಿ.

ಈಗಾಗಲೇ ಇರುವುದನ್ನೂ ಒಮ್ಮೆ ನೋಡಿಕೊಳ್ಳಿ. ಗೂಗಲ್ ಫಾಂಟ್ಸ್‌ನಲ್ಲಿ 'ಹುಬ್ಬಳ್ಳಿ' ಅನ್ನುವ ಹೆಸರಿನದೇ ಒಂದು ಕನ್ನಡ ಫಾಂಟ್ ಇದೆ. ಎರಿನ್ ಮೆಕ್‌ಲಾಫ್ಲಿನ್ ಅವರ ವಿನ್ಯಾಸ. ಒಂದೇ ತೂಕದಲ್ಲಿ (ಅಂದರೆ ಗೆರೆಯ ಒಂದೇ ದಪ್ಪದಲ್ಲಿ) ಸಿಗುತ್ತದೆ, ಪುಕ್ಕಟೆ. 'ಬಲೂ ತಮ್ಮ 2' ದುಂಡಗೆ, ಐದು ತೂಕಗಳಲ್ಲಿ ಬರುತ್ತದೆ. 'ಅಕಾಯ ಕನ್ನಡಕ' ಕೂಡ ಡಿಸ್‌ಪ್ಲೇ ಕೆಲಸಕ್ಕೇ ಮಾಡಿದ್ದು. ಈ ಮೂರರಲ್ಲೂ 'ಹುಬ್ಬಳ್ಳಿ' ಅಂತ ಟೈಪ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಒತ್ತನ್ನು ಮೂವರೂ ಬೇರೆ ಬೇರೆ ರೀತಿ ನಿಭಾಯಿಸಿದ್ದಾರೆ. ಅದನ್ನು ಅರ್ಧ ಗಂಟೆ ದಿಟ್ಟಿಸಿದರೆ ಸಿಗುವ ಪಾಠ ದೊಡ್ಡದು.

ಅಕ್ಷರ ಹುಡುಕಲು ಎಲ್ಲಿಗೆ ಹೋಗಬೇಕು

ಹಳೆಯ ಪೇಟೆ, ಲಾರಿಗಳ ಹಿಂಬದಿ, ಗರಡಿಮನೆ, ಹಿಟ್ಟಿನ ಗಿರಣಿ, ಸೈಕಲ್ ಅಂಗಡಿ, ಶಾಲೆಯ ಗೋಡೆಬರಹ. ಆದರೆ ಈ ಭಾಗದಲ್ಲಿ ನನ್ನ ಮೊದಲ ಸಲಹೆ ಗದಗ. ಅದಕ್ಕೆ ಮುದ್ರಣ ಕಾಶಿ ಅಂತಲೇ ಹೆಸರು. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ ಬರುವ ಮೊದಲು ಶೀರ್ಷಿಕೆಗಳನ್ನು ಕಲಾವಿದರು ಕೈಯಲ್ಲಿ ಬರೆದು, ಅದರಿಂದ ಬ್ಲಾಕ್ (ಮುದ್ರಣದ ಪಡಿಯಚ್ಚು) ಮಾಡಿಸಿ, ಅಚ್ಚು ಹಾಕುತ್ತಿದ್ದರು. ಹಳೆಯ ಪ್ರೆಸ್‌ಗಳಲ್ಲಿ ಕ್ಯಾಲೆಂಡರ್, ಕರಪತ್ರ, ನಾಟಕದ ಹ್ಯಾಂಡ್‌ಬಿಲ್ ಇವೆಯೇ ಅಂತ ವಿಚಾರಿಸಿ. ಬ್ಲಾಕ್‌ಗೆ ಬರೆದ ಅಕ್ಷರಕ್ಕೆ ಗೋಡೆಯ ಮೇಲೆ ಬರೆದದ್ದಕ್ಕಿಂತ ಅಂಚು ಚೂಪು, ಅಳತೆ ಬಿಗಿ. ನಿಮ್ಮ ಫಾಂಟಿಗೆ ಈ ಎರಡರಲ್ಲಿ ಯಾವ ಸ್ವಭಾವ ಬೇಕು ಅನ್ನುವುದನ್ನು ಇಲ್ಲೇ ತೀರ್ಮಾನಿಸಿ. ಎರಡನ್ನೂ ಕಲಸಿದರೆ ಅಕ್ಷರಕ್ಕೆ ಮುಖವೇ ಇರುವುದಿಲ್ಲ.

ಗದಗಿಗೆ ಹೋದವರು ಹತ್ತಿರದ ಲಕ್ಕುಂಡಿಗೂ ಹೋಗಿ ಬನ್ನಿ. ಅಲ್ಲಿಯ ಬ್ರಹ್ಮ ಜಿನಾಲಯದಲ್ಲಿ ಅತ್ತಿಮಬ್ಬೆಯ 1007ರ ಶಾಸನವಿದೆ. ಅರ್ಥ ಆಗದಿದ್ದರೂ ಪರವಾಗಿಲ್ಲ. ಸಾಲಿನಿಂದ ಸಾಲಿಗೆ ಎಷ್ಟು ಜಾಗ ಬಿಟ್ಟಿದ್ದಾರೆ, ಕೆಳಗಿಳಿದ ಒತ್ತು ಮುಂದಿನ ಸಾಲಿನ ಅಕ್ಷರಕ್ಕೆ ತಾಗದ ಹಾಗೆ ಹೇಗೆ ತಪ್ಪಿಸಿದ್ದಾರೆ ಅನ್ನುವುದನ್ನಷ್ಟೇ ನೋಡಿ.

ಫೋಟೋ ತೆಗೆಯುವಾಗ ಬೋರ್ಡಿನ ಎದುರಿಗೇ ನಿಲ್ಲಿ. ಕೆಳಗಿನಿಂದ ಓರೆಯಾಗಿ ತೆಗೆದರೆ ಮೇಲಿನ ಗುಡಿಸು ಚಿಕ್ಕದಾಗಿ, ಕೆಳಗಿನ ಒತ್ತು ದೊಡ್ಡದಾಗಿ ಕಾಣುತ್ತದೆ. ಆ ಅಳತೆ ನಂಬಿದರೆ ಕೆಟ್ಟಿರಿ. ಸ್ವಲ್ಪ ದೂರ ಸರಿದು ಜೂಮ್ ಮಾಡಿ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಬೋರ್ಡ್ ಬರೆದ ಪೇಂಟರ್ ಬದುಕಿದ್ದರೆ, ಆ ಅಕ್ಷರವನ್ನು ಸುಮ್ನೆ ಟ್ರೇಸ್ ಮಾಡಿ ನಿಮ್ಮ ಹೆಸರಿನಲ್ಲಿ ಹೊರಗೆ ಬಿಡಬೇಡಿ. ಬೋರ್ಡಿನ ಮೂಲೆಯಲ್ಲಿ ಸಾಮಾನ್ಯವಾಗಿ ಹೆಸರೋ 'ಆರ್ಟ್ಸ್' ಅಂತಲೋ ಇರುತ್ತದೆ. ಹುಡುಕಿ, ಮಾತಾಡಿ, ಒಪ್ಪಿಗೆ ಕೇಳಿ, ದುಡ್ಡು ಕೊಡಿ. ಇನ್ನೂ ಒಳ್ಳೆಯದೆಂದರೆ ಹೊಸದಾಗಿ ಬರೆದುಕೊಡಿ ಅಂತ ಅವರಿಗೇ ಕೆಲಸ ಕೊಡುವುದು. ಫ್ಲೆಕ್ಸ್ ಬಂದ ಮೇಲೆ ಅವರಲ್ಲಿ ಎಷ್ಟೋ ಜನರ ಕೈಗೆ ಕೆಲಸ ಕಡಿಮೆಯಾಗಿದೆ. ಅಕ್ಷರ ಮಾತ್ರ ತೆಗೆದುಕೊಂಡು ಮನುಷ್ಯನನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಗೆರೆ ಹಾಕಿ, ಆಮೇಲೆ ಬ್ರಷ್ ಹಿಡಿಯಿರಿ

ಗ್ರಾಫ್ ಹಾಳೆ, ಮೇಲೆ ಬಟರ್ ಪೇಪರ್, ಅರ್ಧ ಇಂಚಿನ ಚಪ್ಪಟೆ ಬ್ರಷ್ ಒಂದು, ಕಾಲು ಇಂಚಿನದೊಂದು, ಪೋಸ್ಟರ್ ಕಲರ್. ಇಷ್ಟು ಸಾಕು. ಸಾಲಿನ ಪೂರ್ತಿ ಎತ್ತರವನ್ನು 10 ಪಾಲು ಅಂದುಕೊಳ್ಳಿ. ಮೇಲಿನ 2 ಪಾಲು ತಲೆಕಟ್ಟು, ಗುಡಿಸು, ಏತ್ವಕ್ಕೆ. ನಡುವಿನ 5 ಪಾಲು ಮೂಲ ಅಕ್ಷರಕ್ಕೆ. ಕೆಳಗಿನ 3 ಪಾಲು ಒತ್ತಿಗೆ. ಇದೇನು ಶಾಸ್ತ್ರವಲ್ಲ, ಶುರು ಮಾಡಲು ಒಂದು ಲೆಕ್ಕ. ಬರೆಯುತ್ತಾ ಬರೆಯುತ್ತಾ ನಿಮ್ಮದೇ ಅಳತೆ ಸಿಗುತ್ತದೆ.

ಬ್ರಷ್ಷಿನ ಕೋನ ಮಾತ್ರ ಬದಲಾಗಬಾರದು. ಅಂಚನ್ನು ಅಕ್ಷರ ಕೂರುವ ಗೆರೆಗೆ ಸಮಾನಾಂತರವಾಗಿ ಹಿಡಿದರೆ ನಿಂತ ಗೆರೆಗಳು ದಪ್ಪ, ಮಲಗಿದ ಗೆರೆಗಳು ತೆಳು. 30 ಡಿಗ್ರಿ ಓರೆ ಹಿಡಿದರೆ ದಪ್ಪ-ತೆಳು ಎರಡೂ ದುಂಡಿನ ಸುತ್ತ ಜಾರುತ್ತಾ ಹೋಗುತ್ತವೆ. ಕನ್ನಡದ ಅಕ್ಷರಗಳು ಹೆಚ್ಚಿನವು ದುಂಡು. ಹಾಗಾಗಿ ಕೋನ ತಪ್ಪಿದ್ದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಒಂದು ಕೋನ ಹಿಡಿದರೆ ಕೊನೆಯ ಅಕ್ಷರದವರೆಗೂ ಅದೇ.

ವರ್ಣಮಾಲೆಯ ಕ್ರಮದಲ್ಲಿ ಶುರು ಮಾಡಬೇಡಿ. ಊರ ಹೆಸರುಗಳಿಂದ ಶುರು ಮಾಡಿ. ನಮ್ಮ ನಾಲ್ಕು ಊರುಗಳು ನಾಲ್ಕು ಬೇರೆ ಬೇರೆ ಪರೀಕ್ಷೆ ಇಡುತ್ತವೆ.

'ಗದಗ' ಮೊದಲು. ಒತ್ತಿಲ್ಲ, ಕೊಂಬಿಲ್ಲ, ಇಳಿಯಿಲ್ಲ. ಮೂರೇ ಅಕ್ಷರ, ಮೂರೂ ತಲೆಕಟ್ಟಿನವು. ಸುಲಭ ಅನ್ನಿಸುತ್ತದೆ, ಅಲ್ವಾ? ಗ ಕಾಲೂರಿ ನಿಲ್ಲುವ ಅಕ್ಷರ, ದ ದುಂಡಗೆ ಕೂರುವ ಅಕ್ಷರ. ಎರಡನ್ನೂ ಒಂದೇ ಗೆರೆಗೆ ನಿಲ್ಲಿಸಿದರೆ ದ ಸ್ವಲ್ಪ ಗಿಡ್ಡ ಕಾಣುತ್ತದೆ. ದುಂಡಿನ ತುದಿ ಗೆರೆಯನ್ನು ಒಂದು ಚೂರು ಮಾತ್ರ ಮುಟ್ಟುವುದರಿಂದ ಕಣ್ಣು ಹಾಗೆ ಮೋಸ ಹೋಗುತ್ತದೆ. ದ-ವನ್ನು ಗೆರೆಯಿಂದ ಕೊಂಚ ಕೆಳಕ್ಕೆ ಇಳಿಸಿ. 1 ಇಂಚಿನ ಅಕ್ಷರಕ್ಕೆ ಅರ್ಧ ಮಿಲಿಮೀಟರ್ ಸಾಕು. ಈಗ ಮೂರೂ ಸಮ ಕಾಣುತ್ತವೆ. ಮೂರು ತಲೆಕಟ್ಟುಗಳೂ ಒಂದೇ ಓರೆಯಲ್ಲಿ, ಒಂದೇ ಉದ್ದದಲ್ಲಿ ಇರಬೇಕು. ಫಾಂಟಿನ ದನಿ ಇರುವುದೇ ತಲೆಕಟ್ಟಿನಲ್ಲಿ. ಅದು ಚೂಪೋ, ಮೊಂಡೋ, ಬಾಗಿದೆಯೋ ಅನ್ನುವುದನ್ನು 'ಗದಗ' ಬರೆಯುವಾಗಲೇ ಮುಗಿಸಿಬಿಡಿ. ಜ, ಟ, ಣ, ಬ, ಲ ಇವಕ್ಕೆ ಈ ತಲೆಕಟ್ಟು ಇಲ್ಲ. ಅವುಗಳ ನೆತ್ತಿ ಉಳಿದವುಗಳ ತಲೆಕಟ್ಟಿನ ಎತ್ತರಕ್ಕೆ ಹೊಂದುವ ಹಾಗೆ ಬರೆಯಬೇಕು.

'ಧಾರವಾಡ'ದಲ್ಲಿ ಕೆಲಸವೆಲ್ಲ ಧ ಅಕ್ಷರದ ಕೆಳಗಿನ ಸೀಳಿನದು. ದಪ್ಪ ಬ್ರಷ್ಷಿನಲ್ಲಿ ಬರೆದರೆ ಆ ಸೀಳು ಬಣ್ಣದಲ್ಲಿ ಮುಚ್ಚಿಹೋಗುತ್ತದೆ. ದೂರದಿಂದ ನೋಡಿದವರಿಗೆ 'ದಾರವಾಡ' ಕಾಣುತ್ತದೆ. ಸೀಳನ್ನು ನಿಮಗೆ ಸರಿ ಅನ್ನಿಸಿದ್ದಕ್ಕಿಂತ ಅಗಲ ಮಾಡಿ, ಅಲ್ಲಿ ಮಾತ್ರ ಗೆರೆ ತೆಳ್ಳಗೆ ಮಾಡಿ. ಢ, ಫ, ಭ, ಛ ಇವಕ್ಕೂ ಇದೇ ಮಾತು. ಠ ಮತ್ತು ಥ ಒಳಗಿನ ಚುಕ್ಕಿಯೂ ಹೀಗೇ ಮುಚ್ಚಿಹೋಗುವ ಜಾಗ.

ವ ಬಂದಾಗ ಇನ್ನೊಂದು ಎಚ್ಚರ. ವ-ಗೆ ಕೊಂಬನ್ನು ಬೇರೆ ಅಕ್ಷರಗಳಿಗೆ ಹಚ್ಚಿದ ಹಾಗೆ ಪಕ್ಕದಲ್ಲಿ ಹಚ್ಚಿದರೆ ಅದು ಮ ಆಗಿಬಿಡುತ್ತದೆ. ಅದಕ್ಕೇ ವು, ಪು, ಫು ಬರೆಯುವಾಗ ಕೊಂಬು ಕೆಳಗಿನಿಂದ ಹೊರಡುತ್ತದೆ. ಈ ಮೂರನ್ನು ಪ್ರತ್ಯೇಕವಾಗಿಯೇ ಬರೆಯಿರಿ.

'ಹಾವೇರಿ'ಯಲ್ಲಿ ಇಳಿ, ಏತ್ವದ ದೀರ್ಘ, ಗುಡಿಸು ಮೂರೂ ಸಿಗುತ್ತವೆ. ವೇ ಬರೆಯುವಾಗ ತಲೆಕಟ್ಟು ಹೋಗಿ ಅದರ ಜಾಗಕ್ಕೆ ಏತ್ವ ಬರುತ್ತದೆ. ಅಂದರೆ ಪ್ರತಿ ವ್ಯಂಜನಕ್ಕೂ ತಲೆಕಟ್ಟು ಇರುವ ರೂಪ ಒಂದು, ಇಲ್ಲದ ರೂಪ ಒಂದು ಬೇಕು. ರಿ ತರಹದ ಗುಡಿಸಿನ ರೂಪ ಅಕ್ಷರದ ಜೊತೆ ಬೆಸೆದುಕೊಂಡು ಬರುವುದರಿಂದ ಅದನ್ನೂ ಒಂದೊಂದಾಗಿ ಬರೆಯುವುದೇ ಚೆಂದ. 34 ವ್ಯಂಜನಗಳಿಗೆ ಪೂರ್ಣರೂಪ, ತಲೆಕಟ್ಟಿಲ್ಲದ ರೂಪ, ಗುಡಿಸಿನ ರೂಪ, ಒತ್ತು ಅಂತ ಹಿಡಿದರೆ 136. ಸ್ವರಗಳು, ಉಳಿದ ಚಿಹ್ನೆಗಳು, ಅಂಕಿಗಳು ಬೇರೆ. ಮುಂದಿರುವ ಕೆಲಸ ಎಷ್ಟು ಅನ್ನುವುದು ಈಗಲೇ ಗೊತ್ತಿದ್ದರೆ ಒಳ್ಳೆಯದು.

'ಹುಬ್ಬಳ್ಳಿ' ಅಂತ ಬರೆಯಿರಿ

ಇಲ್ಲಿಗೆ ಬಂದು ನಿಧಾನ ಮಾಡಿ. ಬ್ಬ, ಳ್ಳಿ ಎರಡು ಒತ್ತು ಅಕ್ಕಪಕ್ಕ ಬರುತ್ತವೆ. ಎರಡಕ್ಕೂ ಕೆಳಗೆ ಬಲಕ್ಕೆ ಜಾಗ ಬೇಕು. ಬ-ದ ಒತ್ತು ಬಲಕ್ಕೆ ಚಾಚಿದರೆ ಮುಂದಿನ ಳ-ದ ಕಾಲಿಗೆ ತಾಗುತ್ತದೆ. ತಾಗಬಾರದು ಅಂತ ಒತ್ತನ್ನು ತೀರ ಚಿಕ್ಕದು ಮಾಡಿದರೆ ಓದಲು ಆಗುವುದಿಲ್ಲ. ದಾರಿ ಒಂದೇ: ಮೇಲಿನ ಅಕ್ಷರಗಳ ನಡುವಿನ ಜಾಗವನ್ನು ಒತ್ತಿನ ಅಗಲ ನೋಡಿ ತೀರ್ಮಾನಿಸುವುದು. ಬ ಮತ್ತು ಳ ನಡುವೆ ಸಾಮಾನ್ಯಕ್ಕಿಂತ ಒಂದು ಚೂರು ಜಾಸ್ತಿ ಬಿಡಿ. ಹಾಗೆ ಬಿಟ್ಟಾಗ ಹು ಮತ್ತು ಬ ನಡುವೆ ಇಕ್ಕಟ್ಟು ಕಂಡರೆ ಅಲ್ಲೂ ಸರಿಮಾಡಿ. ಎರಡು ಒತ್ತುಗಳ ತಳ ಒಂದೇ ಗೆರೆಯಲ್ಲಿ ಇರಲಿ.

ಬಹಳ ಜನ ಮೂಲ ಅಕ್ಷರವನ್ನೇ ಕಂಪ್ಯೂಟರಿನಲ್ಲಿ 60 ಶೇಕಡಾಕ್ಕೆ ಕುಗ್ಗಿಸಿ ಒತ್ತು ಅಂತ ಕೆಳಗೆ ಕೂರಿಸುತ್ತಾರೆ. ಹಾಗೆ ಮಾಡಿದಾಗ ಗೆರೆಯ ದಪ್ಪವೂ 60 ಶೇಕಡಾ ಆಗುತ್ತದೆ. ಮೇಲೆ ಪೈಲ್ವಾನ, ಕೆಳಗೆ ಕೂಸು ನಿಂತ ಹಾಗೆ ಕಾಣುತ್ತದೆ. ಒತ್ತನ್ನು ಚಿಕ್ಕ ಬ್ರಷ್ಷಿನಲ್ಲಿ ಹೊಸದಾಗಿಯೇ ಬರೆಯಿರಿ. ಎತ್ತರ 60 ಶೇಕಡಾ ಇದ್ದರೂ ಗೆರೆಯ ದಪ್ಪ 80 ಶೇಕಡಾದ ಹತ್ತಿರ ಇರಲಿ. ಆಗ ಒತ್ತು ತನ್ನ ಅಕ್ಷರದ ಮನೆಯದೇ ಅನ್ನಿಸುತ್ತದೆ.

ತ, ನ, ಮ, ಯ, ರ, ಲ ಇವುಗಳ ಒತ್ತಿಗೂ ಮೂಲ ಅಕ್ಷರಕ್ಕೂ ಹೋಲಿಕೆ ಕಡಿಮೆ. ಇವು ಬರೀ ಎಳೆಗಳು. ಬ್ರಷ್ಷಿನ ಓಟ ಚೆನ್ನಾಗಿ ಕಾಣುವುದು ಇಲ್ಲಿಯೇ. ಬೋರ್ಡ್ ಪೇಂಟರ್‌ಗಳು ಯ ಒತ್ತನ್ನು ಉದ್ದಕ್ಕೆ ಎಳೆದು ಇಡೀ ಹೆಸರಿನ ಅಡಿಗೆರೆ ಮಾಡುವುದುಂಟು. ಅಂಥ ಉದ್ದದ ರೂಪವನ್ನು ಹೆಚ್ಚುವರಿ ಗ್ಲಿಫ್ (ಫಾಂಟಿನೊಳಗಿನ ಒಂದು ಅಕ್ಷರರೂಪ) ಆಗಿ ಇಟ್ಟರೆ ಫಾಂಟ್ ಬಳಸುವವರಿಗೆ ಖುಷಿ.

ನಂತರ 'ಲಕ್ಷ್ಮೇಶ್ವರ' ಬರೆಯಿರಿ. ಕ್ಷ, ಅದಕ್ಕೆ ಮ ಒತ್ತು, ಮೇಲೆ ಏತ್ವದ ದೀರ್ಘ, ಪಕ್ಕದಲ್ಲೇ ಶ್ವ. ಇದು ಸರಿಬಂದರೆ ಮುಕ್ಕಾಲು ಕೆಲಸ ಮುಗಿಯಿತು. 'ದುರ್ಗದಬೈಲು' ಬರೆದು ಅರ್ಕಾವೊತ್ತು ನೋಡಿ. ಅದು 9ರ ಕನ್ನಡ ಅಂಕಿಯ ಹಾಗೆ ಕಾಣಬಾರದು, ಗ-ಗೆ ಹತ್ತಿರ ಅಂಟಿಕೊಂಡಿರಬೇಕು. ಬೈ-ನಲ್ಲಿ ಕೆಳಗೆ ಬರುವ ಐತ್ವದ ಚಿಹ್ನೆ ಒತ್ತಿನ ಗೆರೆಯಲ್ಲೇ ಕೂರಬೇಕು. ಉಳಿದದ್ದಕ್ಕೆ ಬಸ್ ಬೋರ್ಡಿನ ಹೆಸರುಗಳೇ ಸಾಕು: ಅಣ್ಣಿಗೇರಿ, ರಾಣೇಬೆನ್ನೂರು, ಶಿಗ್ಗಾಂವಿ, ಗಜೇಂದ್ರಗಡ, ಕಲಘಟಗಿ, ಬ್ಯಾಡಗಿ, ಹಾನಗಲ್ಲ, ಶಿರಹಟ್ಟಿ, ಮುಂಡರಗಿ. ಈ ಪಟ್ಟಿ ಚೆಂದ ಬಂದ ಫಾಂಟ್ ನಮ್ಮ ಕಡೆಯ ಯಾವ ಬೋರ್ಡಿಗೂ ಹೆದರಬೇಕಿಲ್ಲ.

ಕಂಪ್ಯೂಟರಿಗೆ ಇಳಿಸುವುದು

600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಇಂಕ್‌ಸ್ಕೇಪ್ ಪುಕ್ಕಟೆ ಸಿಗುತ್ತದೆ, ಅದರಲ್ಲಿ 'ಟ್ರೇಸ್ ಬಿಟ್‌ಮ್ಯಾಪ್' ಇದೆ. ಅದು ಸ್ಕ್ಯಾನ್ ಚಿತ್ರವನ್ನು ಗೆರೆಯಾಗಿ ಬದಲಿಸುತ್ತದೆ. ಅದು ಕೊಡುವ ಗೆರೆಯಲ್ಲಿ ಆಕಾರ ಹಿಡಿದಿಡುವ ಚುಕ್ಕಿಗಳು (ನೋಡ್) ನೂರಾರು ಇರುತ್ತವೆ. ಹಾಗೇ ಬಿಟ್ಟರೆ ಅಂಚು ನಡುಗಿದ ಹಾಗೆ ಕಾಣುತ್ತದೆ. ಅದು ಕೈಬರಹದ ಗುಣ ಅಲ್ಲ, ಸ್ಕ್ಯಾನರಿನ ಗಲೀಜು. ಬೇಡದ ಚುಕ್ಕಿ ತೆಗೆಯಿರಿ. ದುಂಡಿನ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತೀರ ಹೊರಗಿನ ಬಿಂದುಗಳಲ್ಲಿ ಮಾತ್ರ ಚುಕ್ಕಿ ಇರಲಿ. ಬ್ರಷ್ ಎತ್ತಿದ ಕಡೆಯ ಹರಿದ ತುದಿಯನ್ನು ಮಾತ್ರ ಒರೆಸಬೇಡಿ. ಅದನ್ನೇ ಅಲ್ವಾ ನಾವು ಹುಡುಕಿಕೊಂಡು ಹೋಗಿದ್ದು.

ಫಾಂಟ್ ಕಟ್ಟಲು ಫಾಂಟ್‌ಫೋರ್ಜ್ ಸಾಕು. ಮ್ಯಾಕ್ ಇದ್ದವರು ಗ್ಲಿಫ್ಸ್ ಬಳಸುತ್ತಾರೆ. ಅಕ್ಷರಗಳನ್ನು ಯೂನಿಕೋಡ್‌ನ ಕನ್ನಡದ ಸ್ಥಾನಗಳಲ್ಲೇ ಇಡಿ. ಯೂನಿಕೋಡ್ ಅಂದರೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿ. ಒತ್ತು, ಅರ್ಕಾವೊತ್ತು, ಗುಡಿಸಿನ ರೂಪ ಇವಕ್ಕೆ ಸ್ವಂತ ಯೂನಿಕೋಡ್ ಸ್ಥಾನ ಇಲ್ಲ. ಯಾವ ಅಕ್ಷರದ ಪಕ್ಕ ಯಾವುದು ಬಂದರೆ ಯಾವ ರೂಪ ತೋರಿಸಬೇಕು ಅನ್ನುವುದನ್ನು ಓಪನ್‌ಟೈಪ್ (ಫಾಂಟ್ ಫೈಲಿನ ಮಾದರಿ) ನಿಯಮವಾಗಿ ಬರೆಯಬೇಕು. ಮೊದಲ ಸಲಕ್ಕೆ ತಲೆ ಕೆಡುತ್ತದೆ, ನಿಜ. ಓಪನ್ ಫಾಂಟ್ ಲೈಸೆನ್ಸ್‌ನಲ್ಲಿರುವ ಕನ್ನಡ ಫಾಂಟ್ ಒಂದನ್ನು ತೆರೆದು ಅದರ ನಿಯಮಗಳನ್ನು ಓದುತ್ತಾ ಕಲಿಯುವುದೇ ಸುಲಭದ ದಾರಿ.

'ರ‍್ಯಾಲಿ' ಅನ್ನುವ ಪದ ಟೈಪ್ ಮಾಡಿ ನೋಡಲು ಮರೆಯಬೇಡಿ. ಬ್ಯಾನರ್‌ಗಳಲ್ಲಿ ಅದು ಅರ್ಕಾವೊತ್ತಿನ ಜೊತೆ 'ರ್ಯಾಲಿ' ಅಂತ ಬಂದಿರುವುದನ್ನು ನೀವೂ ನೋಡಿರುತ್ತೀರಿ. ರ-ದ ನಂತರ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆ ಹಾಕಿದರೆ ರ ಪೂರ್ತಿಯಾಗಿ ನಿಂತು ಯ ಒತ್ತಾಗಬೇಕು. ನಿಮ್ಮ ಫಾಂಟ್ ಇದನ್ನು ಮಾಡುತ್ತದೆಯೇ ಅಂತ ಲಿಬ್ರೆಆಫೀಸ್‌ನಲ್ಲೂ ಮೊಬೈಲ್‌ನಲ್ಲೂ ಪರೀಕ್ಷಿಸಿ.

ಎಲ್ಲರಿಗೂ ಹಂಚುವ ಮನಸ್ಸಿದ್ದರೆ ಓಪನ್ ಫಾಂಟ್ ಲೈಸೆನ್ಸ್ ಹಾಕಿ. ಯಾರು ಬೇಕಾದರೂ ವ್ಯಾಪಾರಕ್ಕೂ ಬಳಸಬಹುದು, ತಿದ್ದಬಹುದು. ಫಾಂಟನ್ನಷ್ಟೇ ಬಿಡಿಯಾಗಿ ಮಾರುವ ಹಾಗಿಲ್ಲ. ಅಕ್ಷರ ಬರೆದುಕೊಟ್ಟ ಪೇಂಟರ್ ಹೆಸರು ಫಾಂಟಿನ ಮಾಹಿತಿಯಲ್ಲಿ ಇರಲಿ.

ಬಳಸುವಾಗ

ಬೋರ್ಡಿನ ಅಳತೆಗೆ ಪೇಟೆಯಲ್ಲಿ ಒಂದು ಸರಳ ಲೆಕ್ಕ ಇದೆ: 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. ಅದು ಇಂಗ್ಲಿಷಿನ ದೊಡ್ಡಕ್ಷರಕ್ಕೆ ಹೇಳಿದ್ದು. ಕನ್ನಡಕ್ಕೆ ಬಳಸುವಾಗ ಒತ್ತು, ಗುಡಿಸು ಬಿಟ್ಟು ಮೂಲ ಅಕ್ಷರದ ಎತ್ತರವನ್ನಷ್ಟೇ ಅಳೆಯಿರಿ. ರಸ್ತೆಯ ಆಚೆ ಬದಿ 60 ಅಡಿ ಇದ್ದರೆ ಮೂಲ ಅಕ್ಷರವೇ 6 ಇಂಚು ಬೇಕು. ಮೇಲೆ ಹೇಳಿದ 10 ಪಾಲಿನ ಲೆಕ್ಕದಲ್ಲಿ ಸಾಲಿನ ಪೂರ್ತಿ ಎತ್ತರ 12 ಇಂಚಾಗುತ್ತದೆ. ಇದನ್ನು ಗಮನಿಸದೆ ಒಂದು ಅಡಿ ಪಟ್ಟಿಯಲ್ಲಿ ಎರಡು ಸಾಲು ತುರುಕಿದ ಬೋರ್ಡ್‌ಗಳು ಎಲ್ಲ ಪೇಟೆಗಳಲ್ಲೂ ಸಿಗುತ್ತವೆ.

ಅಂಗಡಿ ಬೋರ್ಡ್ ಆದರೆ ಕಾನೂನೂ ನೆನಪಿರಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ನಾಮಫಲಕದ 60 ಶೇಕಡಾ ಕನ್ನಡದಲ್ಲಿರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು. ನನ್ನ ಮಟ್ಟಿಗೆ ಇದು ಅಕ್ಷರ ಬರೆಯುವವರಿಗೆ ಒಳ್ಳೆಯ ಅವಕಾಶ. ಇಂಗ್ಲಿಷ್ ಲೋಗೋ ಮಾಡಿ ಕನ್ನಡವನ್ನು ಸಿಕ್ಕ ಫಾಂಟಿನಲ್ಲಿ ಹಾಕುವ ಬದಲು ಕನ್ನಡದ ಹೆಸರನ್ನೇ ಲೋಗೋ ಮಾಡಿ ಅಂತ ಅಂಗಡಿಯವರಿಗೆ ಹೇಳಬಹುದು.

ಅಕ್ಷರವನ್ನು ಅಡ್ಡಕ್ಕೆ ಎಳೆಯಬೇಡಿ. ಜಾಗ ತುಂಬಿಸಲು ಫ್ಲೆಕ್ಸ್ ಅಂಗಡಿಯಲ್ಲಿ ಮೊದಲು ಮಾಡುವುದೇ ಇದು. ಎಳೆದ ತಕ್ಷಣ ಬ್ರಷ್ಷಿನ ಕೋನವೆಲ್ಲ ಸುಳ್ಳಾಗುತ್ತದೆ. ಅಕ್ಷರಗಳ ನಡುವಿನ ಜಾಗವನ್ನು ಸಾಫ್ಟ್‌ವೇರಿನಲ್ಲಿ ಒಟ್ಟಾಗಿ ಹಿಗ್ಗಿಸಿದರೂ ಕಷ್ಟ. ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಹೋಗುತ್ತದೆ. ನೆರಳು ಹಾಕುವುದಾದರೆ ಒಂದೇ ಬದಿಗೆ, ಒತ್ತಿನ ಎತ್ತರದ ಕಾಲು ಭಾಗಕ್ಕಿಂತ ಕಡಿಮೆ. ಸುತ್ತ ದಪ್ಪ ಔಟ್‌ಲೈನ್ ಹಾಕಿದರೆ ಧ-ದ ಸೀಳಿನ ಕಥೆ ಮತ್ತೆ ಶುರುವಾಗುತ್ತದೆ.

ಎರಡು ಸಾಲು ಬಂದರೆ ಮೇಲಿನ ಸಾಲಿನ ಒತ್ತು ಎಲ್ಲಿ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಎಲ್ಲಿ ಏಳುತ್ತದೆ ನೋಡಿ. ಕೆಲವೊಮ್ಮೆ ಕೆಳಗಿನ ಸಾಲನ್ನು ಅರ್ಧ ಅಕ್ಷರ ಪಕ್ಕಕ್ಕೆ ಸರಿಸಿದರೆ ಸಾಕು, ಒಂದಕ್ಕೊಂದು ಜಾಗ ಮಾಡಿಕೊಡುತ್ತವೆ. ಹಳೆಯ ಪೇಂಟರ್‌ಗಳು ಇದನ್ನು ಕಣ್ಣಳತೆಯಲ್ಲೇ ಮಾಡುತ್ತಿದ್ದರು.

ಕೊನೆಗೆ ಫ್ಲೆಕ್ಸ್ ಅಂಗಡಿಗೆ ಕೊಡುವ ಫೈಲ್. ಅಲ್ಲಿ ಹೆಚ್ಚಾಗಿ ವಿನ್ಯಾಸಕ್ಕೆ ಕೋರಲ್‌ಡ್ರಾ, ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರಿನ ಹಳೆಯ ಫಾಂಟ್‌ಗಳು ಇರುತ್ತವೆ. ಆ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ರೂಪಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂತಿರುತ್ತವೆ. ಅದರಲ್ಲಿ ಟೈಪ್ ಮಾಡಿದ್ದಕ್ಕೆ ನಿಮ್ಮ ಯೂನಿಕೋಡ್ ಫಾಂಟ್ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಬರುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಫಾಂಟ್ ಹಾಕಿ. ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಿ ಒತ್ತು ಒಡೆದು ಕಂಡರೆ ಟೈಪ್ ಸೆಟ್ಟಿಂಗ್‌ನಲ್ಲಿ 'ವರ್ಲ್ಡ್-ರೆಡಿ ಲೇಔಟ್' ಆರಿಸಿ. ಅಂಗಡಿಗೆ ಕಳಿಸುವಾಗ ಅಕ್ಷರವನ್ನೆಲ್ಲ ಕರ್ವ್‌ಗೆ (ಟೈಪ್ ಅಲ್ಲದ ಬರೀ ಆಕಾರಕ್ಕೆ) ಬದಲಿಸಿ ಪಿಡಿಎಫ್ ಕೊಡಿ. ಪ್ರಿಂಟ್ ಕೊಡುವ ಮೊದಲು ಒಂದು ಹೆಸರನ್ನು ನಿಜವಾದ ಅಳತೆಯಲ್ಲಿ ಎ4 ಹಾಳೆಗಳಲ್ಲಿ ಪ್ರಿಂಟ್ ತೆಗೆದು, ಅಂಟಿಸಿ, ಬೋರ್ಡ್ ಬರುವ ಜಾಗದಲ್ಲೇ ಹಚ್ಚಿ, ರಸ್ತೆಯ ಆಚೆಗೆ ಹೋಗಿ ನೋಡಿ. ಒಮ್ಮೆ ಮಧ್ಯಾಹ್ನದ ಬಿಸಿಲಿನಲ್ಲಿ, ಒಮ್ಮೆ ಸಂಜೆ ಲೈಟ್ ಹತ್ತಿದ ಮೇಲೆ. ಒತ್ತು ಓದಲು ಬಂದರೆ ಪ್ರಿಂಟ್‌ಗೆ ಕೊಡಿ.